ಒಮ್ಮೆ ಮಿನುಗಿ ಆರಿಹೋಗುವ ನ್ಯಾಸ್

ಪ್ರಶ್ನೆ: ಮನೆಯಲ್ಲಿ ಎರಡು ಹಾರ್ಡ್ ಡಿಸ್ಕ್ ಹಿಡಿಯುವ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆ) ಒಂದಿದೆ. ಆರು ವರ್ಷದಿಂದ ಹಗಲೂ ರಾತ್ರಿ ಓಡುತ್ತಿತ್ತು. ಒಳಗೆ 4 ಟಿಬಿಯ ಎರಡು ಡಿಸ್ಕ್, ರೇಡ್ 1ರಲ್ಲಿ, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವಂತೆ. ಹೋದ ವಾರ ಕರೆಂಟ್ ಹೋಗಿ ಬಂದಮೇಲೆ ಶುರುವಾಗುತ್ತಲೇ ಇಲ್ಲ. ಬಟನ್ ಒತ್ತಿದರೆ ಮುಂದಿನ ದೀಪ ಒಮ್ಮೆ ಮಿನುಗಿ ಆರಿಹೋಗುತ್ತದೆ. ಅಡಾಪ್ಟರಿನ ಹಸಿರು ದೀಪ ಉರಿಯುತ್ತಿದೆ, ಹಾಗಾಗಿ ಅದು ಸರಿಯಿರಬೇಕು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿ ನೋಡು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಒಂದು ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರಿಗೆ ಹಾಕಿದೆ. ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು, ಹೆದರಿ ತೆಗೆದುಬಿಟ್ಟೆ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಅದರಲ್ಲೇ ಇವೆ, ಬೇರೆಲ್ಲೂ ಪ್ರತಿ ಇಲ್ಲ. ಏನು ಮಾಡಲಿ?

ಉತ್ತರ: ಹೆದರಿ ತೆಗೆದದ್ದು ಒಳ್ಳೆಯದೇ ಆಯಿತು. ಇಂಥ ಪೆಟ್ಟಿಗೆಗಳಲ್ಲಿ ಫೋಟೋ ಹೋಗುವುದು ಹೆಚ್ಚಾಗಿ ಕೆಟ್ಟ ದಿನವಲ್ಲ, ಕೆಟ್ಟದ್ದನ್ನು ಸರಿಮಾಡಲು ಕೂತ ದಿನ. ಲ್ಯಾಪ್‌ಟಾಪ್ ಚಾರ್ಜರ್ ಇನ್ನೂ ಹಾಕಿಲ್ಲ ಎಂದು ನಂಬಿಕೊಂಡು ಮುಂದೆ ಬರೆಯುತ್ತೇನೆ. ಹಾಕಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಮುಂದೆ ಎರಡು ಬೇರೆ ಬೇರೆ ಕೆಲಸಗಳಿವೆ: ಒಂದು ಪೆಟ್ಟಿಗೆಯದ್ದು, ಇನ್ನೊಂದು ಫೋಟೋಗಳದ್ದು. ಫೋಟೋ ಇರುವುದು ಡಿಸ್ಕಿನಲ್ಲಿ. ಪೆಟ್ಟಿಗೆ ಅದನ್ನು ಓದಿಕೊಡುವ ಒಂದು ಚಿಕ್ಕ ಕಂಪ್ಯೂಟರ್, ಅಷ್ಟೆ. ಅದರ ಬೋರ್ಡ್ ಪೂರ್ತಿ ಸುಟ್ಟುಹೋದರೂ ಡಿಸ್ಕಿನ ಮೇಲೆ ಬರೆದದ್ದು ಹಾಗೇ ಇರುತ್ತದೆ. ಆದ್ದರಿಂದ ಮೊದಲು ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಎರಡೂ ಡಿಸ್ಕ್ ಹೊರಗೆ ತೆಗೆದು, ಯಾವುದು ಒಂದನೆಯ ಖಾನೆಯದು, ಯಾವುದು ಎರಡನೆಯದು ಎಂದು ಮಾರ್ಕರಿನಲ್ಲಿ ಬರೆದು, ಒಣ ಜಾಗದಲ್ಲಿ ಎತ್ತಿಡಿ. ಪೆಟ್ಟಿಗೆಗೆ ಏನೇ ಪ್ರಯೋಗ ಮಾಡುವುದಿದ್ದರೂ ಈ ಎರಡು ಡಿಸ್ಕ್ ಒಳಗಿಲ್ಲದಾಗ ಮಾಡಿ.

ಇನ್ನು ಪೆಟ್ಟಿಗೆ. 'ಆನ್ ಆಗುತ್ತಿಲ್ಲ' ಎಂದು ಜನ ಹೇಳುವಾಗ ಮೂರು ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಲ್ಲಿ ಹೇಳುತ್ತಿರುತ್ತಾರೆ. ಯಾವ ದೀಪವೂ ಇಲ್ಲ, ಫ್ಯಾನ್ ಕದಲುವುದೂ ಇಲ್ಲ ಎಂದರೆ ಕರೆಂಟ್ ಬೋರ್ಡಿನ ತನಕ ಬರುತ್ತಿಲ್ಲ. ದೀಪ ಉರಿಯುತ್ತಲೇ ಇದೆ, ಫ್ಯಾನ್ ತಿರುಗುತ್ತಿದೆ, ಆದರೆ ನೆಟ್‌ವರ್ಕಿನಲ್ಲಿ ಕಾಣಿಸುವುದಿಲ್ಲ ಎಂದರೆ ಕರೆಂಟಿನ ತೊಂದರೆಯಲ್ಲ. ರ್‍ಯಾಮ್, ಫ್ಲ್ಯಾಶ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ನಿಮ್ಮದು ಮೂರನೆಯದು: ಒಂದು ಕ್ಷಣ ಬಂದು ಹೋಗುವುದು. ಪೆಟ್ಟಿಗೆ ಏಳಲು ಹೊರಟಿದೆ, ಏಳುವಷ್ಟು ಬಲ ಸಿಗದೆ ಕೂತುಬಿಟ್ಟಿದೆ. ಈ ಲಕ್ಷಣ ಕಂಡಾಗ ನಾನು ಮೊದಲು ಹಿಡಿಯುವುದು ಅಡಾಪ್ಟರನ್ನೇ. ಅದರ ಹಸಿರು ದೀಪ ಉರಿಯುತ್ತಿದೆ ಎಂಬ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ.

ಆ ದೀಪಕ್ಕೆ ಬೇಕಾದ್ದು ಕೆಲವೇ ಮಿಲಿಆಂಪಿಯರ್. ನಿಮ್ಮ ಪೆಟ್ಟಿಗೆಗೆ ಏಳುವಾಗ ಬೇಕಾದ್ದು ನಾಲ್ಕೈದು ಆಂಪಿಯರ್. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿದೆ ಎಂದಮಾತ್ರಕ್ಕೆ ಟ್ಯಾಂಕ್ ತುಂಬಿದೆ ಎನ್ನಲು ಬರುತ್ತದೆಯೇ?

ಲೆಕ್ಕ ಸ್ವಲ್ಪ ನೋಡಿ. ಮೂರೂವರೆ ಇಂಚಿನ ಒಂದು ಹಾರ್ಡ್ ಡಿಸ್ಕ್ ನಿಂತಲ್ಲಿಂದ ತಿರುಗಲು ಶುರುಮಾಡುವಾಗ ಕೆಲವು ಸೆಕೆಂಡುಗಳ ಕಾಲ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ವೇಗ ಹಿಡಿದ ಮೇಲೆ ಅರ್ಧ ಆಂಪಿಯರಿಗಿಂತ ಕಡಿಮೆ ಸಾಕು. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ 4 ಆಂಪಿಯರ್, ಜೊತೆಗೆ ಬೋರ್ಡ್ ಮತ್ತು ಫ್ಯಾನಿಗೆ ಇನ್ನೊಂದಿಷ್ಟು. ಇಂಥ ಎರಡು ಖಾನೆಯ ಪೆಟ್ಟಿಗೆಗಳ ಜೊತೆ ಸಾಮಾನ್ಯವಾಗಿ ಬರುವುದು 12 ವೋಲ್ಟ್, 5 ಆಂಪಿಯರಿನ ಅಡಾಪ್ಟರ್. ಅಂದರೆ ಏಳುವ ಆ ಕೆಲವು ಸೆಕೆಂಡಿನಲ್ಲಿ ಅಡಾಪ್ಟರ್ ತನ್ನ ಶಕ್ತಿಯ ಕೊನೆಯ ಅಂಚಿನಲ್ಲಿರುತ್ತದೆ. ಎದ್ದ ಮೇಲೆ ಒಂದೂವರೆ ಆಂಪಿಯರಿನಲ್ಲಿ ವರ್ಷಗಟ್ಟಲೆ ಆರಾಮ.

ಈಗ ನಿಮ್ಮ ಆರು ವರ್ಷ. ಅಡಾಪ್ಟರಿನ ಒಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ, ಒಳಗೊಂದು ದ್ರವ. ಬಿಸಿಗೆ ಆ ದ್ರವ ನಿಧಾನಕ್ಕೆ ಆರುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುತ್ತದೆ ಎಂದು ತಯಾರಕರು ಬರೆದ ಕೆಪಾಸಿಟರ್, ಬಿಸಿ 10 ಡಿಗ್ರಿ ಇಳಿದಾಗಲೆಲ್ಲ ಸರಿಸುಮಾರು ಎರಡರಷ್ಟು ಕಾಲ ಬಾಳುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ 65 ಡಿಗ್ರಿ ಎಂದಿಟ್ಟುಕೊಳ್ಳಿ: 32,000 ಗಂಟೆ. ನಿಮ್ಮ ಆರು ವರ್ಷ ಎಂದರೆ 52,560 ಗಂಟೆ. ಬರೆದ ಆಯಸ್ಸು ಮುಗಿದ ಕೂಡಲೇ ಅದು ಸತ್ತುಹೋಗುವುದಿಲ್ಲ, ಬಲ ಕುಂದುತ್ತದೆ. ಒಂದೂವರೆ ಆಂಪಿಯರ್ ಕೇಳಿದರೆ ಕೊಡುತ್ತದೆ, ನಾಲ್ಕು ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ. ನಿಮ್ಮ ಪೆಟ್ಟಿಗೆ ನಿಲ್ಲದೆ ಓಡುತ್ತಿದ್ದುದರಿಂದ ನಾಲ್ಕು ಆಂಪಿಯರ್ ಕೇಳುವ ಪ್ರಸಂಗವೇ ಬರಲಿಲ್ಲ. ಕರೆಂಟ್ ಹೋಗಿ ಬಂದ ದಿನ ಬಂತು. ಅಡಾಪ್ಟರ್ ಅವತ್ತು ಕೆಟ್ಟದ್ದಲ್ಲ, ಕೆಟ್ಟಿದೆ ಎಂದು ಅವತ್ತು ಗೊತ್ತಾದದ್ದು.

ಇದು ನನ್ನ ಅನುಮಾನ ಮಾತ್ರ. ಸಾಬೀತು ಮಾಡುವುದು ಸುಲಭ.

ಡಿಸ್ಕ್ ಇಲ್ಲದ ಖಾಲಿ ಪೆಟ್ಟಿಗೆಗೆ ಅಡಾಪ್ಟರ್ ಚುಚ್ಚಿ ಬಟನ್ ಒತ್ತಿ. ದೀಪ ನಿಂತು, ಫ್ಯಾನ್ ತಿರುಗಿತೇ? ಹಾಗಾದರೆ ಬೋರ್ಡ್ ಬಹುಪಾಲು ಬದುಕಿದೆ. ಡಿಸ್ಕ್ ಇಲ್ಲವೆಂದು ಅದು ದೀಪ ಮಿಟುಕಿಸಬಹುದು, ಕೂಗಿಕೊಳ್ಳಬಹುದು, ಕೂಗಲಿ. ಇನ್ನು ಉಳಿದದ್ದು ಎರಡೇ ಸಾಧ್ಯತೆ: ಅಡಾಪ್ಟರ್ ಸೋತಿದೆ, ಇಲ್ಲವೇ ಎರಡರಲ್ಲೊಂದು ಡಿಸ್ಕ್ ಒಳಗೆ ಶಾರ್ಟ್ ಆಗಿ ಇಡೀ ಪೆಟ್ಟಿಗೆಯನ್ನು ಕೆಳಗೆಳೆಯುತ್ತಿದೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಯಾವ ಡಿಸ್ಕ್ ಎಂದು ತಿಳಿಯಲು ಒಂದೊಂದನ್ನೇ ಹಾಕಿ ಆನ್ ಮಾಡುತ್ತಾರೆ. ಒಂದನೆಯದನ್ನು ಹಾಕಿದಾಗ ಪೆಟ್ಟಿಗೆ ಎದ್ದುಬಿಟ್ಟರೆ 'ನನ್ನ ಜೋಡಿ ಕಳೆದುಹೋಯಿತು' ಎಂದು ಆ ಡಿಸ್ಕಿನ ಮೇಲೆ ಗುರುತು ಬರೆದುಕೊಳ್ಳುತ್ತದೆ. ಆಮೇಲೆ ಎರಡನೆಯದನ್ನು ಒಂಟಿಯಾಗಿ ಹಾಕಿದರೆ ಅದೂ ಹಾಗೇ ಬರೆದುಕೊಳ್ಳುತ್ತದೆ. ಕೊನೆಗೆ ಎರಡನ್ನೂ ಸೇರಿಸಿದಾಗ ಯಾವುದು ನಿಜವಾದ ಪ್ರತಿ ಎಂಬ ಜಗಳ ಹತ್ತುತ್ತದೆ, ಒಂದನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಪ್ರತಿ ಇಲ್ಲದ ಫೋಟೋಗಳ ಮೇಲೆ ಇಂಥ ಪ್ರಯೋಗ ಬೇಡ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಮೂರೂವರೆ ಇಂಚಿನ ಡಿಸ್ಕ್ ಯಾವುದಾದರೂ ಇದ್ದರೆ, ಒಳಗೆ ಬೇಕಾದ್ದು ಏನೂ ಇಲ್ಲದಿದ್ದರೆ, ಅದನ್ನು ಹಾಕಿ ನೋಡಿ. ಪೆಟ್ಟಿಗೆ ಮತ್ತೆ ಮಿನುಗಿ ಆರಿದರೆ ಅಡಾಪ್ಟರ್ ಎಂದು ತೊಂಬತ್ತು ಪಾಲು ಖಾತ್ರಿ.

ಅಂಥ ಡಿಸ್ಕ್ ಇಲ್ಲದಿದ್ದರೆ ಅಡಾಪ್ಟರನ್ನೇ ಅಳೆಯೋಣ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಗ್ಗಿನ ತೂತಿನೊಳಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಇಡಿ. ಎರಡು ಕಡ್ಡಿ ಒಂದಕ್ಕೊಂದು ತಾಗದಿರಲಿ. 12ರ ಆಸುಪಾಸು ಬರುತ್ತದೆ, 'ಸರಿಯಿದೆಯಲ್ಲ!' ಎನ್ನಿಸುತ್ತದೆ. ಬರಿಗೈಯಲ್ಲಿ ಅಳೆದ ಈ ಸಂಖ್ಯೆಗೆ ಬೆಲೆಯಿಲ್ಲ. ಹೊರೆ ಹೊರಿಸಿ ಅಳೆಯಬೇಕು. ಅದಕ್ಕೆ ನನ್ನ ಮೇಜಿನ ಮೇಲಿರುವ ಉಪಕರಣ ಕಾರಿನ ಬ್ರೇಕ್ ದೀಪದ ಬಲ್ಬ್. 12 ವೋಲ್ಟ್, 21 ವ್ಯಾಟಿನ ಒಂದು ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಅಂಥ ಎರಡನ್ನು ಅಕ್ಕಪಕ್ಕ (ಸಮಾಂತರವಾಗಿ) ಜೋಡಿಸಿದರೆ ಮೂರೂವರೆ. ಮೊದಲು ಒಂದನ್ನು ಹಚ್ಚಿ, ಆಮೇಲೆ ಇನ್ನೊಂದನ್ನು ಸೇರಿಸಿ, ಎರಡೂ ಉರಿಯುತ್ತಿರುವಾಗ ಮೀಟರ್ ನೋಡಿ. ಗಾಜು ಕೈಸುಡುವಷ್ಟು ಬಿಸಿಯಾಗುತ್ತದೆ, ಮೇಜಿನ ಬಟ್ಟೆಯ ಮೇಲೆ ಇಡಬೇಡಿ. ಒಳ್ಳೆಯ ಅಡಾಪ್ಟರ್ 11.4ಕ್ಕಿಂತ ಕೆಳಗಿಳಿಯುವುದಿಲ್ಲ. 10ಕ್ಕೋ 9ಕ್ಕೋ ಜಾರಿದರೆ, ಬಲ್ಬ್ ಹೊತ್ತಿ ಆರಿ ಹೊತ್ತಿ ಆರಿ ಮಾಡಿದರೆ, ಅಥವಾ ನಿಮ್ಮ ಆ ಹಸಿರು ದೀಪವೇ ಮಿಟುಕತೊಡಗಿದರೆ, ಕಳ್ಳ ಸಿಕ್ಕಂತೆ. ಒಂದು ಎಚ್ಚರಿಕೆ: ತಣ್ಣಗಿನ ಬಲ್ಬ್ ಹಚ್ಚುವ ಮೊದಲ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಎಳೆಯುತ್ತದೆ, ಆಗ ಒಳ್ಳೆಯ ಅಡಾಪ್ಟರೂ ಒಮ್ಮೆ ತಡವರಿಸಬಹುದು. ಎರಡು ಸೆಕೆಂಡ್ ಬಿಟ್ಟು ಬಂದ ಸಂಖ್ಯೆಯನ್ನು ನಂಬಿ.

ಹೊಸ ಅಡಾಪ್ಟರ್ ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ನಡುವಿನ ಪಿನ್ ಧನ (ಪ್ಲಸ್) ಎಂಬ ಗುರುತು ಹಳೆಯದರ ಜೊತೆ ತಾಳೆಯಾಗಬೇಕು. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಪ್ಲಗ್ಗಿನ ಅಳತೆಯಲ್ಲಿ. ಸಾಮಾನ್ಯವಾಗಿ ಸಿಗುವ ಎರಡು ಬಗೆಯವೂ ಹೊರಗಿನಿಂದ 5.5 ಮಿಲಿಮೀಟರ್, ನೋಡಲು ಅವಳಿ-ಜವಳಿ. ಒಳಗಿನ ತೂತು ಒಂದರದು 2.1, ಇನ್ನೊಂದರದು 2.5. ಪೆಟ್ಟಿಗೆಯ ಪಿನ್ 2.5 ಇದ್ದು ಪ್ಲಗ್ 2.1ರದ್ದಾದರೆ ಒಳಗೆ ಹೋಗುವುದೇ ಇಲ್ಲ, ತೊಂದರೆಯೂ ಇಲ್ಲ. ತಿರುವುಮುರುವಾದಾಗ ಸಲೀಸಾಗಿ ಹೋಗುತ್ತದೆ, ಆದರೆ ಸಡಿಲ ಕೂರುತ್ತದೆ. ಡಿಸ್ಕ್ ಏಳುವ ಹೊತ್ತಿಗೆ ಸಂಪರ್ಕ ತಪ್ಪಿ, ಹೊಸ ಅಡಾಪ್ಟರಿನಲ್ಲೂ ಅದೇ ಹಳೆಯ ಮಿನುಗಾಟ. ಕೆಲವು ಪೆಟ್ಟಿಗೆಗಳಿಗೆ ನಾಲ್ಕು ಪಿನ್ನಿನ ದುಂಡನೆಯ ಪ್ಲಗ್ ಇರುತ್ತದೆ. ಅದರಲ್ಲಿ ಯಾವ ಪಿನ್ ಯಾವುದು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಅಲ್ಲಿ ಅಂದಾಜಿಗೆ ಕೈಹಾಕಬಾರದು.

ಇನ್ನೊಂದು ಮಾತು. ಲೇಬಲ್ಲಿನ ಮೇಲೆ 5 ಆಂಪಿಯರ್ ಎಂದು ಬರೆಯಲು ಖರ್ಚಾಗುವುದು ಶಾಯಿ ಮಾತ್ರ. ಎಲ್‌ಇಡಿ ಪಟ್ಟಿಗೆಂದು ಮಾರುವ ಒಂದು ಅಡಾಪ್ಟರನ್ನು ಅವಸರಕ್ಕೆ ತಂದಿದ್ದೆ. ಕೈಗೆತ್ತಿಕೊಂಡಾಗಲೇ ಹಗುರ ಎನ್ನಿಸಿತು. ಎರಡನೆಯ ಬಲ್ಬ್ ಸೇರಿಸಿದ ಕೂಡಲೇ 9.8ಕ್ಕೆ ಇಳಿದು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹೊಸದನ್ನೂ ಬಲ್ಬಿಗೆ ಕಟ್ಟಿ ಪರೀಕ್ಷಿಸಿದ ಮೇಲೆಯೇ ಡಿಸ್ಕಿನ ಹತ್ತಿರ ಬಿಡುವ ಅಭ್ಯಾಸ ಅಂದಿನಿಂದ ಬಂದದ್ದು.

ಇನ್ನು ಆ ಲ್ಯಾಪ್‌ಟಾಪ್ ಚಾರ್ಜರ್. ಅದರದ್ದು ಸಾಮಾನ್ಯವಾಗಿ 19 ವೋಲ್ಟ್. ಇಂಥ ಚಿಕ್ಕ ಪೆಟ್ಟಿಗೆಗಳಲ್ಲಿ ಅಡಾಪ್ಟರಿನ 12 ವೋಲ್ಟೇ ಒಂದು ಸ್ವಿಚ್ ದಾಟಿ ನೇರವಾಗಿ ಡಿಸ್ಕಿನ ಮೋಟರಿಗೆ ಹೋಗುವುದುಂಟು. ನಡುವೆ ವೋಲ್ಟೇಜ್ ಇಳಿಸುವವರು ಯಾರೂ ಇರುವುದಿಲ್ಲ. ಹೆಚ್ಚಿನ ಡಿಸ್ಕುಗಳ ಬೋರ್ಡಿನ ಮೇಲೆ ಟಿವಿಎಸ್ ಡಯೋಡ್ ಎಂಬ ಕಾವಲುಗಾರ ಇರುತ್ತದೆ. ಹೆಚ್ಚು ವೋಲ್ಟ್ ಬಂದರೆ ಅದು ತಾನೇ ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಅದೃಷ್ಟವಿದ್ದರೆ ಡಯೋಡ್ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಡಿಸ್ಕಿನ ಬೋರ್ಡೇ ಹೋಗುತ್ತದೆ, ಅದೂ ಎರಡೂ ಡಿಸ್ಕಿನದ್ದು ಒಟ್ಟಿಗೆ. ರೇಡ್ 1ರಲ್ಲಿ ಎರಡು ಪ್ರತಿ ಇದ್ದದ್ದಕ್ಕೆ ಆಗ ಅರ್ಥವೇ ಉಳಿಯುವುದಿಲ್ಲ. ಸ್ನೇಹಿತರಿಗೆ ಧನ್ಯವಾದ ಹೇಳಿ ಚಾರ್ಜರ್ ವಾಪಸ್ ಕೊಡಿ.

ಅಡಾಪ್ಟರ್ ಬಲ್ಬ್ ಪರೀಕ್ಷೆಯಲ್ಲಿ ಗೆದ್ದ ಮೇಲೂ ಖಾಲಿ ಪೆಟ್ಟಿಗೆ ಹಾಗೇ ಮಿನುಗಿ ಆರುತ್ತಿದ್ದರೆ, ಬೋರ್ಡ್ ಬಿಚ್ಚಬೇಕು. ಅಡಾಪ್ಟರ್ ತೆಗೆದಿಟ್ಟು, ಪೆಟ್ಟಿಗೆಯ ಜ್ಯಾಕಿನ ನಡುಪಿನ್ನು ಮತ್ತು ಹೊರಲೋಹದ ನಡುವೆ ಓಮ್ ಅಳೆಯಿರಿ. ಸಂಖ್ಯೆ ಸಣ್ಣದರಿಂದ ಶುರುವಾಗಿ ನಿಧಾನಕ್ಕೆ ಏರಿದರೆ ಒಳ್ಳೆಯದು, ಕೆಪಾಸಿಟರುಗಳು ತುಂಬುತ್ತಿವೆ. ಸೊನ್ನೆಯ ಹತ್ತಿರವೇ ಕಚ್ಚಿಕೊಂಡು ಕೂತರೆ ಜ್ಯಾಕಿನ ಬಳಿಯ ಟಿವಿಎಸ್ ಡಯೋಡ್ ಅಥವಾ ಅದರ ಮುಂದಿನ ಸ್ವಿಚ್ ಶಾರ್ಟ್ ಆಗಿರಬಹುದು. ಡಯೋಡನ್ನು ಬೆಸುಗೆ ಬಿಡಿಸಿ ತೆಗೆದಾಗ ಶಾರ್ಟ್ ಹೋದರೆ ಅದೇ ಅಪರಾಧಿ; ಅದೇ ನಮೂನೆಯದ್ದನ್ನು ಹಾಕಬೇಕು. ಅಳೆಯುವಾಗ ಒಂದು ಕಡೆ ಮೋಸಹೋಗಬೇಡಿ: ಪ್ರೊಸೆಸರಿನ ಪಕ್ಕದ ತಾಮ್ರದ ಸುರುಳಿಗೂ ಬೋರ್ಡಿನ ಗ್ರೌಂಡಿಗೂ (ಋಣ ಬದಿಗೂ) ನಡುವೆ ಕೆಲವೇ ಓಮ್ ಬರುವುದು ಎಷ್ಟೋ ಬೋರ್ಡುಗಳಲ್ಲಿ ಸಹಜ. ಮೀಟರ್ ಬೀಪ್ ಎಂದಿತೆಂದು ಒಳ್ಳೆಯ ಪ್ರೊಸೆಸರನ್ನು ಸತ್ತಿತೆಂದು ಬರೆದುಕೊಟ್ಟವರನ್ನು ನೋಡಿದ್ದೇನೆ.

ಉಳಿದವು ಕಣ್ಣಿನ ಕೆಲಸ. ತಲೆ ಉಬ್ಬಿದ ಕೆಪಾಸಿಟರ್ ಇದೆಯೇ, ಜ್ಯಾಕಿನ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಇದೆಯೇ, ಮುಂಭಾಗದ ಬಟನ್ನಿಗೆ ಹೋಗುವ ಪಟ್ಟಿಕೇಬಲ್ ಜಾರಿದೆಯೇ. ಬಟನ್ ಒಳಕ್ಕೆ ಸಿಕ್ಕಿಕೊಂಡಿದ್ದರೂ ಪೆಟ್ಟಿಗೆ ಎದ್ದು ಆರುತ್ತದೆ, ಏಕೆಂದರೆ ಒತ್ತಿಹಿಡಿದರೆ ಆಫ್ ಆಗು ಎಂದು ಅದಕ್ಕೆ ಹೇಳಿಕೊಟ್ಟಿರುತ್ತದೆ. ನಾಣ್ಯದಂಥ ಸಿಆರ್2032 ಬ್ಯಾಟರಿ ಇದ್ದರೆ ತೆಗೆದು ಅಳೆಯಿರಿ. ಹೊಸದು 3 ವೋಲ್ಟಿಗೂ ಸ್ವಲ್ಪ ಮೇಲೆ ಇರುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ನಿಮ್ಮ ಲಕ್ಷಣಕ್ಕೆ ಇದು ಕಾರಣವಾಗುವುದು ಅಪರೂಪ, ಆದರೂ ಹೇಗೂ ಬಿಚ್ಚಿದ್ದೀರಲ್ಲ.

ನಾಲ್ಕೈದು ಖಾನೆಯ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಎರಡು ಮಾತು. ನಿಮ್ಮದರಲ್ಲಿ ಪವರ್ ಸಪ್ಲೈ ಒಳಗೇ ಇದ್ದರೆ ಅದರ ಲೋಹದ ಡಬ್ಬಿಯನ್ನು ಬಿಚ್ಚಬೇಡಿ. 230 ವೋಲ್ಟ್ ಬರುವಲ್ಲಿ ಅದರ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ತುಂಬಿಕೊಂಡು, ತಂತಿ ಕಿತ್ತ ಮೇಲೂ ಕೆಲಹೊತ್ತು ಹಿಡಿದಿಟ್ಟುಕೊಂಡಿರುತ್ತದೆ. ಎರಡನೆಯದು, ಇಂಟೆಲ್ ಆಟಮ್ ಸಿ2000 ಸಾಲಿನ ಪ್ರೊಸೆಸರ್ ಇರುವ ಹಳೆಯ ಪೆಟ್ಟಿಗೆಗಳು. ಆ ಚಿಪ್ಪಿನಿಂದ ಹೊರಡುವ ಒಂದು ಗಡಿಯಾರ ಸಂಕೇತ (ಬೋರ್ಡಿನ ಭಾಗಗಳು ಹೆಜ್ಜೆ ಹಾಕುವ ತಾಳ) ವರ್ಷಗಳು ಕಳೆದಂತೆ ಸೊರಗಿ, ಒಂದು ದಿನ ಯಂತ್ರ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಈ ದೋಷ 2017ರ ಆರಂಭದಲ್ಲಿ ಜಗಜ್ಜಾಹೀರಾಯಿತು, ಇಂಟೆಲ್ ಚಿಪ್ಪನ್ನು ಪರಿಷ್ಕರಿಸಿತು. ಆ ಸಂಕೇತದ ತಂತಿಗೂ 3.3 ವೋಲ್ಟಿಗೂ ನಡುವೆ 100 ಓಮಿನ ಒಂದು ರೆಸಿಸ್ಟರ್ ಬೆಸೆದು ಎಷ್ಟೋ ಜನ ಸತ್ತ ಪೆಟ್ಟಿಗೆಗಳನ್ನು ಎಬ್ಬಿಸಿದ್ದಾರೆ. ಶಾಶ್ವತ ಔಷಧವಲ್ಲ, ಡೇಟಾ ಇಳಿಸಿಕೊಳ್ಳುವಷ್ಟು ಕಾಲ ಸಿಗುತ್ತದೆ. ಎರಡು ಖಾನೆಯ ನಿಮ್ಮ ಪೆಟ್ಟಿಗೆಗೂ ಇದಕ್ಕೂ ಸಂಬಂಧವಿರಲಾರದು.

ಈಗ ಫೋಟೋಗಳ ವಿಷಯ. ಪೆಟ್ಟಿಗೆ ಏಳಲೇ ಇಲ್ಲ ಎಂದಿಟ್ಟುಕೊಳ್ಳಿ. ವಿಂಡೋಸ್ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದ್ದು ಡಿಸ್ಕ್ ಹಾಳಾಗಿದೆ ಎಂದಲ್ಲ. ಬಹುತೇಕ ನ್ಯಾಸ್‌ಗಳು ಒಳಗೆ ವಿಂಡೋಸಿನ ಬದಲು ಲಿನಕ್ಸ್ ಎಂಬ ವ್ಯವಸ್ಥೆಯನ್ನು ಓಡಿಸುತ್ತವೆ, ಡಿಸ್ಕನ್ನು ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಕ್ರಮದಲ್ಲಿ ಬರೆಯುತ್ತವೆ. ವಿಂಡೋಸಿಗೆ ಆ ಲಿಪಿ ಓದಲು ಬರುವುದಿಲ್ಲ; ಓದಲು ಬಾರದ್ದನ್ನೆಲ್ಲ ಖಾಲಿ ಹಾಳೆ ಎಂದುಕೊಳ್ಳುವುದು ಅದರ ಸ್ವಭಾವ. ಅದು ಫಾರ್ಮ್ಯಾಟ್ ಎನ್ನಲಿ, ಇನಿಶಿಯಲೈಸ್ ಎನ್ನಲಿ, ಉತ್ತರ ಒಂದೇ: ಬೇಡ.

ಎಲ್ಲಕ್ಕಿಂತ ಸಲೀಸಾದ ದಾರಿ ಅದೇ ತಯಾರಕರ ಹೊಸ ಪೆಟ್ಟಿಗೆಗೆ ಎರಡೂ ಡಿಸ್ಕನ್ನು ಅದೇ ಕ್ರಮದಲ್ಲಿ ಹಾಕುವುದು. ಹೊಂದುವ ಮಾದರಿಗಳ ಪಟ್ಟಿಯನ್ನು ತಯಾರಕರ ತಾಣದಲ್ಲಿ ಮೊದಲು ನೋಡಿಕೊಳ್ಳಿ. ಹೊಂದುವುದಾದರೆ ಅದು ಹಳೆಯ ಡಿಸ್ಕ್ ಗುರುತಿಸಿ ವಲಸೆ ಮಾಡಲೇ ಎಂದು ಕೇಳುತ್ತದೆ. ಹೊಸದಾಗಿ ಸ್ಥಾಪಿಸಲೇ ಎಂದು ಮಾತ್ರ ಕೇಳಿದರೆ ಅಲ್ಲೇ ನಿಲ್ಲಿಸಿ.

ಇನ್ನೊಂದು ದಾರಿ ಲಿನಕ್ಸ್. ಉಬುಂಟು ಎಂಬ ಲಿನಕ್ಸನ್ನು ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿನಿಂದ ಎಬ್ಬಿಸಿ, ಎರಡರಲ್ಲಿ ಒಂದೇ ಡಿಸ್ಕನ್ನು ಜೋಡಿಸಿ. ಇನ್ನೊಂದು ಕಪಾಟಿನಲ್ಲೇ ಇರಲಿ. ಮದರ್‌ಬೋರ್ಡಿನ ಸಾಟಾ ಕೇಬಲ್ಲಿಗೇ ಹಾಕಿದರೆ ಮೇಲು. ಕೆಲವು ಯುಎಸ್‌ಬಿ ಡಾಕುಗಳು (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಪೀಠಗಳು) 2 ಟಿಬಿಗಿಂತ ದೊಡ್ಡ ಡಿಸ್ಕಿನ ಸೆಕ್ಟರ್ ಅಳತೆಯನ್ನೇ ಬದಲಿಸಿ ತೋರಿಸುತ್ತವೆ, ಆಗ ಒಳಗಿನ ಪಾರ್ಟಿಶನ್ನುಗಳು (ಡಿಸ್ಕಿನ ವಿಭಾಗಗಳು) ಕಾಣುವುದೇ ಇಲ್ಲ. ಡೇಟಾ ಹೋಯಿತೆಂದು ಎದೆ ಒಡೆದುಕೊಳ್ಳುತ್ತೀರಿ, ತಪ್ಪು ಡಾಕಿನದ್ದು. ಆಮೇಲೆ ಲಿನಕ್ಸಿನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ (mdadm) ಎಂಬ ಸಲಕರಣೆಗೆ, ಜೋಡಿ ಇಲ್ಲದಿದ್ದರೂ ಸೇರಿಸು, ಓದಲು ಮಾತ್ರ ತೆರೆ ಎಂದು ಹೇಳಬೇಕು. ಅಸೆಂಬಲ್ ಎಂಬ ಆಜ್ಞೆ ನಿಮ್ಮದು. ಕ್ರಿಯೇಟ್ ಎಂಬುದನ್ನು ಯಾರೇ ಸೂಚಿಸಿದರೂ ಮುಟ್ಟಬೇಡಿ; ಅದು ಹಳೆಯ ಗುರುತಿನ ಮೇಲೆ ಹೊಸದನ್ನು ಬರೆಯುತ್ತದೆ. ಪಾರ್ಟಿಶನ್ನುಗಳಲ್ಲಿ ಮೊದಲಿನ ಚಿಕ್ಕವು ಪೆಟ್ಟಿಗೆಯ ಸ್ವಂತ ತಂತ್ರಾಂಶದ್ದಾಗಿರುವುದೇ ಹೆಚ್ಚು, ಫೋಟೋಗಳು ದೊಡ್ಡದರಲ್ಲಿರುತ್ತವೆ.

ನಿಮ್ಮ ವಿಷಯದಲ್ಲಿ ಒಂದು ಗಂಟು ಬರಬಹುದು. ಕರೆಂಟ್ ಹಠಾತ್ತಾಗಿ ಹೋದದ್ದರಿಂದ ಇಎಕ್ಸ್‌ಟಿ4ರ ಜರ್ನಲ್ (ಬದಲಾವಣೆಗಳನ್ನು ಮೊದಲು ಗುರುತು ಹಾಕಿಕೊಳ್ಳುವ ದಿನಚರಿ) ಅರ್ಧಕ್ಕೆ ನಿಂತಿರಬಹುದು. ಓದಲು ಮಾತ್ರ ತೆರೆದರೆ 'ಬರೆಯಲು ಅನುಮತಿ ಬೇಕು' ಎಂದು ಹಟ ಹಿಡಿಯುತ್ತದೆ. ಅನುಮತಿ ಕೊಡಬೇಡಿ. ಮೌಂಟ್ ಮಾಡುವಾಗ (ಡಿಸ್ಕ್ ತೆರೆಯುವಾಗ) 'ನೋಲೋಡ್' (noload) ಎಂಬ ಆಯ್ಕೆ ಸೇರಿಸಿ, ಜರ್ನಲ್ಲನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ಕೊನೆಯ ಕ್ಷಣದಲ್ಲಿ ಬರೆಯುತ್ತಿದ್ದ ಒಂದೆರಡು ಫೈಲ್ ಏರುಪೇರಾಗಿರಬಹುದು, ಮಗಳ ಹಳೆಯ ಫೋಟೋಗಳಿಗೆ ಏನೂ ಆಗಿರಲಾರದು.

ಡಿಸ್ಕ್ ಟಿಕ್ ಟಿಕ್ ಎಂದರೆ, ಅಥವಾ ಓದುವಾಗ ನಿಮಿಷಗಟ್ಟಲೆ ತಡವರಿಸಿದರೆ, ಆಟ ಬೇರೆ. ಆಗ ಫೈಲ್ ಹುಡುಕುತ್ತ ಕೂರದೆ ಡಿಡಿರೆಸ್ಕ್ಯೂ (ddrescue) ಎಂಬ ಸಲಕರಣೆಯಿಂದ ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಬೇಕು. ತಿರುಗುವುದೇ ಇಲ್ಲವಾದರೆ ಮತ್ತೆ ಮತ್ತೆ ಕರೆಂಟ್ ಕೊಡದೆ ಡೇಟಾ ಮರಳಿಸುವ ಪ್ರಯೋಗಾಲಯಕ್ಕೆ ಒಯ್ಯಿರಿ. ಪೆಟ್ಟಿಗೆಯಲ್ಲಿ ಎನ್‌ಕ್ರಿಪ್ಶನ್ ಹಾಕಿದ್ದರೆ ಅದರ ಕೀ ಇಲ್ಲದೆ ಈ ಯಾವ ದಾರಿಯೂ ನಡೆಯುವುದಿಲ್ಲ. ಅಂದು ಇಳಿಸಿಕೊಂಡ ಕೀ ಫೈಲ್ ಎಲ್ಲಿದೆ ಎಂದು ಈಗಲೇ ಹುಡುಕಿಡಿ.

ನನ್ನ ಊಹೆ ನಿಜವಾಗಿ ಹೊಸ ಅಡಾಪ್ಟರಿನಿಂದ ಪೆಟ್ಟಿಗೆ ಎದ್ದರೆ, ಎರಡೂ ಡಿಸ್ಕನ್ನು ಬರೆದಿಟ್ಟ ಕ್ರಮದಲ್ಲೇ ಒಟ್ಟಿಗೆ ಹಾಕಿ ಆನ್ ಮಾಡಿ. ಎರಡು ಪ್ರತಿ ಒಂದೇ ಇವೆಯೇ ಎಂದು ತಾಳೆನೋಡಲು ಅದು ಕೂರಬಹುದು. 4 ಟಿಬಿಗೆ ಏಳೆಂಟು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ, ನಡುವೆ ಆಫ್ ಮಾಡಬೇಡಿ. ಆ ತಾಳೆ ಮುಗಿಯುವುದಕ್ಕೂ ಕಾಯದೆ ಫೋಟೋಗಳನ್ನು ಹೊರಗಿನ ಒಂದು ಡಿಸ್ಕಿಗೆ ಇಳಿಸಿಕೊಳ್ಳಲು ಶುರುಮಾಡಿ. ಖಾಲಿ ಪೆಟ್ಟಿಗೆಯೂ ಮಿನುಗಿ ಆರಿದರೆ ಮುಂದಿನ ಪತ್ರದಲ್ಲಿ ಮೂರು ಸಂಗತಿ ಬರೆದು ಕಳಿಸಿ: ಎರಡು ಬಲ್ಬ್ ಹೊತ್ತಿದಾಗ ಬಂದ ವೋಲ್ಟ್, ಜ್ಯಾಕಿನಲ್ಲಿ ಬಂದ ಓಮ್, ಮತ್ತು ಜ್ಯಾಕಿನ ಸುತ್ತಲಿನ ಬೋರ್ಡಿನ ಒಂದು ಸ್ಪಷ್ಟ ಚಿತ್ರ.